ಅಚ್ಚುಹಲಗೆಯೂ ರೂಟರ್ ಯಂತ್ರವೂ

ಒಂದು ಆಕಾರವನ್ನು ಮರದಲ್ಲಿ ಒಮ್ಮೆ ಸರಿಯಾಗಿ ಕೊರೆಯಲು ಪಳಗಿದ ಕೈ ಸಾಕು. ಅದೇ ಆಕಾರವನ್ನು ಐವತ್ತು ಬಾರಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೊರೆಯಬೇಕಾದರೆ ಕೈಚಳಕದೊಡನೆ ಇನ್ನೇನಾದರೊಂದು ಆಸರೆ ಬೇಕಾಗುತ್ತದೆ. ನಮ್ಮ ಬಡಗಿಗಳು ಈ ಆಸರೆಯನ್ನು ಬಹುಕಾಲದಿಂದ ಬಲ್ಲರು. ಎತ್ತಿನ ಗಾಡಿಯ ಚಕ್ರದ ಹೊರಸುತ್ತಿಗೆ ಬೇಕಾದ ಬಾಗುತುಂಡುಗಳನ್ನು ಮಾಡುವಾಗ ಪ್ರತಿಯೊಂದನ್ನೂ ಹೊಸದಾಗಿ ಅಳೆಯದೆ, ಒಂದು ತೆಳುಹಲಗೆಯನ್ನು ಆ ಬಾಗಿಗೆ ಕತ್ತರಿಸಿಟ್ಟುಕೊಂಡು, ಅದನ್ನೇ ಮರದ ಮೇಲಿಟ್ಟು ಗೀರೆಳೆದರೆ ಎಲ್ಲ ತುಂಡುಗಳೂ ಒಂದೇ ಬಾಗಿನವಾಗುತ್ತವೆ. ಆ ತೆಳುಹಲಗೆಯೇ ಅಚ್ಚುಹಲಗೆ. ಇಂದಿನ ಮಾತಿನಲ್ಲಿ ಟೆಂಪ್ಲೇಟ್.

ಅಚ್ಚನ್ನು ನೋಡಿ ಗೀರೆಳೆಯುವುದು ಒಂದು ಹಂತ. ಅಚ್ಚಿನ ಅಂಚನ್ನೇ ಹಿಡಿದು ನಡೆಯುವಂತೆ ಕೊರೆಯುವ ಉಪಕರಣವನ್ನು ಕಟ್ಟಿಹಾಕುವುದು ಅದಕ್ಕಿಂತ ಮುಂದಿನ ಹಂತ. ಅಮೆರಿಕದ ಥಾಮಸ್ ಬ್ಲ್ಯಾಂಚರ್ಡ್ ಎಂಬಾತನು ಬಂದೂಕಿನ ಮರದ ಹಿಡಿಯನ್ನು ಹೀಗೆ ಮಾದರಿಯೊಂದನ್ನು ಅನುಸರಿಸಿ ಕಡೆಯುವ ಯಂತ್ರಕ್ಕೆ ೧೮೧೯ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಇಂದು ನಮ್ಮ ಸಣ್ಣ ಊರುಗಳ ಮರಗೆಲಸದ ಅಂಗಡಿಗಳಲ್ಲಿಯೂ ಕಾಣಸಿಗುವ ರೂಟರ್ ಎಂಬ ಕೈಯಂತ್ರವು ಅದೇ ತತ್ತ್ವಕ್ಕೆ ದೊರೆತ ಹಗುರವಾದ ರೂಪ. ನಿಂತಲ್ಲಿಯೇ ಅಲಗನ್ನು ಮರದೊಳಕ್ಕೆ ಇಳಿಸಬಲ್ಲ ಬಗೆಯ ರೂಟರನ್ನು ಜರ್ಮನಿಯ ಎಲು ಸಂಸ್ಥೆಯು ೧೯೪೯ರಲ್ಲಿ ಹೊರತಂದಿತು.

ಈ ಯಂತ್ರವು ಅಚ್ಚುಹಲಗೆಯೊಡನೆ ನಿಷ್ಠುರವಾಗಿ ನಡೆದುಕೊಳ್ಳುತ್ತದೆ. ಅಚ್ಚು ಸರಿಯಿದ್ದರೆ ಎಲ್ಲ ತುಂಡುಗಳೂ ಸರಿ. ಅಚ್ಚಿನಲ್ಲಿಯೋ ಯಂತ್ರದ ಜೋಡಣೆಯಲ್ಲಿಯೋ ಒಂದು ದೋಷವಿದ್ದರೆ ಅದು ಎಲ್ಲ ತುಂಡುಗಳಲ್ಲಿಯೂ ತಪ್ಪದೆ ಮೂಡುತ್ತದೆ. ಆದುದರಿಂದ ಯಂತ್ರವನ್ನು ಮರಕ್ಕೆ ತಾಗಿಸುವ ಮೊದಲು ಅದನ್ನು ಹೇಗೆ ಹದಗೊಳಿಸಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ನಲವತ್ತೆಂಟು ತಗ್ಗುಗಳು

ವಿಷಯವು ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರರ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಪ್ರತಿವರ್ಷ ಫೆಬ್ರವರಿಯಲ್ಲಿ, ಅವರ ಜಯಂತಿಯ ವೇಳೆಗೆ, ಯಾತ್ರಿಕರು ದೂರದೂರದಿಂದ ಇಲ್ಲಿ ಬಂದು ನೆರೆಯುತ್ತಾರೆ. ಅಂತಹವರಿಗಾಗಿ ಯಾರೋ ಒಬ್ಬರು ಎಂಟು ಕೊಠಡಿಗಳ ತಂಗುಮನೆಯೊಂದನ್ನು ಕಟ್ಟಿಸುತ್ತಿದ್ದಾರೆ, ಜಾತ್ರೆಗೆ ಮೊದಲು ತೇಗದ ಬಾಗಿಲುಗಳು ನಿಲ್ಲಬೇಕು ಎಂದು ಭಾವಿಸೋಣ. ಬಾಗಿಲಿಗೆ ಮೂರರಂತೆ ಇಪ್ಪತ್ತನಾಲ್ಕು ಬಿಜಾಗರಿಗಳು ಬೇಕು. ಪ್ರತಿ ಬಿಜಾಗರಿಗೂ ಎರಡು ರೆಕ್ಕೆಗಳು: ಒಂದು ಬಾಗಿಲಿನಲ್ಲಿ, ಇನ್ನೊಂದು ಚೌಕಟ್ಟಿನಲ್ಲಿ ಕೂರಬೇಕು. ಹೀಗೆ ಒಟ್ಟು ನಲವತ್ತೆಂಟು ತಗ್ಗುಗಳನ್ನು ಕೊರೆಯಬೇಕಾಗುತ್ತದೆ.

ತಗ್ಗು ಅಗಲವಾದರೆ ಬಿಜಾಗರಿ ಅಲುಗಾಡಿ, ಬಾಗಿಲಿನ ಭಾರವೆಲ್ಲ ತಿರುಪು ಮೊಳೆಗಳ ಮೇಲೆ ಬೀಳುತ್ತದೆ. ಬಾಗಿಲಿನಲ್ಲಿಯೂ ಚೌಕಟ್ಟಿನಲ್ಲಿಯೂ ಅರ್ಧ ಮಿ.ಮೀ.ನಷ್ಟು ಆಳ ಹೆಚ್ಚಾದರೆ ಇವೆರಡರ ನಡುವಣ ಸಂದು ಒಂದು ಮಿ.ಮೀ. ಕಿರಿದಾಗಿ, ಮುಚ್ಚಿದಾಗಲೆಲ್ಲ ಬಾಗಿಲು ಚೌಕಟ್ಟಿಗೆ ಒತ್ತಿ ಮೊಳೆಗಳನ್ನು ಮೆಲ್ಲಮೆಲ್ಲನೆ ಕೀಳತೊಡಗುತ್ತದೆ. ಮೂರು ಬಿಜಾಗರಿಗಳ ಕಡ್ಡಿಗಳು ಒಂದೇ ಸರಳರೇಖೆಯಲ್ಲಿ ಇಲ್ಲದಿದ್ದರೆ ಬಾಗಿಲು ಬಿಗಿಯುತ್ತದೆ. ತೇಗದ ಬೆಲೆಯನ್ನು ಬಲ್ಲವರಿಗೆ, ಕೊರೆದ ಮರವನ್ನು ಮತ್ತೆ ತುಂಬಲಾಗದೆಂಬುದನ್ನು ಹೇಳಬೇಕಾಗಿಲ್ಲ.

ಅಂತರದ ಲೆಕ್ಕ

ರೂಟರಿನ ತಳಪಟ್ಟಿಯ ನಡುವಿನ ರಂಧ್ರದಲ್ಲಿ ಗೈಡ್ ಬುಷ್ ಎಂಬ ಚಿಕ್ಕದೊಂದು ಲೋಹದ ಕೊಳವೆಯನ್ನು ಕೂರಿಸುತ್ತಾರೆ. ತಿರುಗುವ ಅಲಗು, ಎಂದರೆ ಬಿಟ್, ಈ ಕೊಳವೆಯ ಒಳಗಿನಿಂದ ಕೆಳಕ್ಕೆ ಚಾಚಿರುತ್ತದೆ. ಕೊಳವೆಯ ಹೊರಮೈ ಅಚ್ಚುಹಲಗೆಯ ಅಂಚಿಗೆ ತಾಗಿ ನಡೆಯುತ್ತದೆ. ಅಲಗು ಮರವನ್ನು ಕೊರೆಯುತ್ತದೆ. ಕೊಳವೆಯು ಅಲಗಿಗಿಂತ ದಪ್ಪನಾದುದರಿಂದ ಅಲಗು ಅಚ್ಚಿನ ಅಂಚನ್ನು ಎಂದಿಗೂ ಮುಟ್ಟದು. ಸ್ವಲ್ಪ ಒಳಗೇ ಉಳಿಯುತ್ತದೆ. ಈ ‘ಸ್ವಲ್ಪ’ ಎಷ್ಟೆಂಬುದನ್ನು ತಿಳಿಯುವುದೇ ಅಚ್ಚುಗೆಲಸದ ಮೊದಲ ಪಾಠ. ಬುಷ್ಷಿನ ಹೊರವ್ಯಾಸದಿಂದ ಅಲಗಿನ ವ್ಯಾಸವನ್ನು ಕಳೆದು ಎರಡರಿಂದ ಭಾಗಿಸಿದರೆ ಬರುವುದೇ ಅಂತರ.

ಬುಷ್ಷಿನ ಹೊರವ್ಯಾಸ ೧೬ ಮಿ.ಮೀ., ಅಲಗು ೧೨ ಮಿ.ಮೀ. ಆದರೆ ಅಂತರವು ೨ ಮಿ.ಮೀ. ಬಿಜಾಗರಿಯ ರೆಕ್ಕೆ ೧೦೦ ಮಿ.ಮೀ. ಉದ್ದವಿದ್ದು, ೨೫ ಮಿ.ಮೀ. ಒಳಸೇರಬೇಕಾಗಿದ್ದರೆ, ಅಚ್ಚಿನ ಕಿಂಡಿಯು ಎರಡು ತುದಿಗಳಿಗೂ ಅಂತರವನ್ನು ಕೂಡಿಸಿ ೧೦೪ ಮಿ.ಮೀ. ಉದ್ದವಿರಬೇಕು. ಅಗಲದಲ್ಲಿ ಒಂದು ಬದಿ ಮರದ ಅಂಚಿಗೆ ತೆರೆದಿರುವುದರಿಂದ ಒಂದೇ ಅಂತರವನ್ನು ಕೂಡಿಸಿ ೨೭ ಮಿ.ಮೀ. ಇಟ್ಟರೆ ಸಾಕು.

ಈ ಲೆಕ್ಕವು ಸುಲಭ. ಅದರೊಳಗೆ ಹಾಕುವ ಸಂಖ್ಯೆಗಳ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಪೇಟೆಗಳಲ್ಲಿ ಮಿ.ಮೀ. ಅಳತೆಯ ಅಲಗುಗಳೂ ಅಂಗುಲದ ಅಳತೆಯವೂ ಜೊತೆಜೊತೆಯಾಗಿ ದೊರೆಯುತ್ತವೆ. ಅರ್ಧ ಅಂಗುಲವೆಂದರೆ ೧೨.೭ ಮಿ.ಮೀ. ಕಣ್ಣಿಗೆ ಇದು ೧೨ ಮಿ.ಮೀ. ಅಲಗಿನಂತೆಯೇ ಕಾಣುತ್ತದೆ. ಆದರೆ ಮೇಲಿನ ಅಚ್ಚಿನಲ್ಲಿ ಇದನ್ನು ಬಳಸಿದರೆ ತಗ್ಗಿನ ಉದ್ದ ೧೦೦ರ ಬದಲು ೧೦೦.೭ ಮಿ.ಮೀ. ಆಗುತ್ತದೆ, ನಲವತ್ತೆಂಟು ತಗ್ಗುಗಳಲ್ಲಿಯೂ ಬಿಜಾಗರಿ ಸಡಿಲವಾಗುತ್ತದೆ.

ಆದುದರಿಂದ ಪೊಟ್ಟಣದ ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬದೆ ಅಳೆಯುವುದು ಲೇಸು. ಬುಷ್ಷನ್ನು ವರ್ನಿಯರ್ ಕ್ಯಾಲಿಪರ್ಸಿನಿಂದ ನೇರವಾಗಿ ಅಳೆಯಬಹುದು. ಅಲಗನ್ನು ಅಳೆಯುವುದಕ್ಕಿಂತ ಅದು ಕೊರೆದ ಗಾಡಿಯನ್ನು ಅಳೆಯುವುದು ಉತ್ತಮ. ಏಕೆಂದರೆ ಅಲಗು ತಿರುಗುವಾಗ ಕಿಂಚಿತ್ ಓಲಾಡಿದರೂ ಗಾಡಿ ಅಲಗಿಗಿಂತ ಅಗಲವಾಗಿರುತ್ತದೆ. ಮರದಲ್ಲಿ ಮೂಡುವುದು ಗಾಡಿಯೇ ಹೊರತು ಅಲಗಿನ ಮೇಲಿನ ಸಂಖ್ಯೆಯಲ್ಲ. ರದ್ದಿ ತುಂಡಿನಲ್ಲಿ ಕೊರೆದ ಗಾಡಿ ೧೨.೨ ಮಿ.ಮೀ. ಬಂದು, ಬುಷ್ಷು ೧೫.೯ ಮಿ.ಮೀ. ಇದ್ದರೆ ನಿಜವಾದ ಅಂತರ ೧.೮೫ ಮಿ.ಮೀ.; ಕಿಂಡಿಯ ಉದ್ದವನ್ನು ೧೦೩.೭ ಮಿ.ಮೀ. ಇಡಬೇಕು.

ಕೇಂದ್ರ ತಪ್ಪಿದಾಗ

ಮೇಲಿನ ಲೆಕ್ಕವೆಲ್ಲ ಒಂದು ಊಹೆಯ ಮೇಲೆ ನಿಂತಿದೆ: ಬುಷ್ಷಿನ ಕೇಂದ್ರವೂ ಅಲಗಿನ ಕೇಂದ್ರವೂ ಒಂದೇ ಎಂಬುದು ಆ ಊಹೆ. ವಾಸ್ತವದಲ್ಲಿ ಇವೆರಡೂ ಬೇರೆ ಬೇರೆ ಭಾಗಗಳು. ಅಲಗು ಮೋಟಾರಿನ ದಂಡಕ್ಕೆ ಸೇರಿದುದು. ಬುಷ್ಷು ತಳಪಟ್ಟಿಗೆ ತಿರುಪುಗಳಿಂದ ಬಿಗಿದುದು. ತಳಪಟ್ಟಿ ಒಂದಿಷ್ಟು ಸರಿದಿದ್ದರೆ ಕೇಂದ್ರಗಳು ಬೇರೆಯಾಗುತ್ತವೆ.

ಇದರ ಪರಿಣಾಮವು ನಾವು ಯಂತ್ರವನ್ನು ಹಿಡಿಯುವ ಬಗೆಯನ್ನು ಅವಲಂಬಿಸಿದೆ. ಯಂತ್ರದ ಹಿಡಿಗಳು ಆದಿಯಿಂದ ಅಂತ್ಯದವರೆಗೆ ಒಂದೇ ದಿಕ್ಕಿಗೆ ಇರುವಂತೆ ಹಿಡಿದು ಕಿಂಡಿಯನ್ನು ಸುತ್ತಿಬಂದರೆ ತಗ್ಗಿನ ಗಾತ್ರ ಕೆಡುವುದಿಲ್ಲ; ಅದು ಪೂರ್ತಿಯಾಗಿ ಒಂದು ಪಕ್ಕಕ್ಕೆ ಸರಿದಿರುತ್ತದೆ, ಅಷ್ಟೆ. ಆದರೆ ಮೂಲೆಗಳಲ್ಲಿ ಯಂತ್ರವನ್ನು ತಿರುಗಿಸುತ್ತ ಹೋದರೆ ತಗ್ಗಿನ ಗಾತ್ರವೇ ಬದಲಾಗುತ್ತದೆ. ಕೇಂದ್ರಗಳು ೦.೩ ಮಿ.ಮೀ. ಬೇರೆಯಾಗಿದ್ದರೆ ಎದುರುಬದುರು ಬದಿಗಳ ನಡುವೆ ೦.೬ ಮಿ.ಮೀ.ವರೆಗೆ ಹೆಚ್ಚುಕಡಮೆ ಬರಬಹುದು. ಬೆಳಿಗ್ಗೆ ಸರಿಯಾಗಿ ಬಂದ ಕೆಲಸ ಮಧ್ಯಾಹ್ನ ಕೆಟ್ಟಿತೆಂದು ಬಡಗಿಗಳು ಬೆರಗಾಗುವುದಕ್ಕೆ ಹಲವು ವೇಳೆ ಇದೇ ಕಾರಣ: ಅಚ್ಚು ಬದಲಾಗಿರುವುದಿಲ್ಲ, ಯಂತ್ರ ಹಿಡಿದ ದಿಕ್ಕು ಬದಲಾಗಿರುತ್ತದೆ.

ಈ ದೋಷವನ್ನು ಕಂಡುಹಿಡಿಯಲು ಬೆಲೆಬಾಳುವ ಉಪಕರಣಗಳು ಬೇಕಿಲ್ಲ. ತಳಪಟ್ಟಿಯ ಮೇಲೆ ಒಂದು ಬಾಣದ ಗುರುತು ಹಾಕಿರಿ. ರದ್ದಿ ಹಲಗೆಯ ಮೇಲೆ ನೇರವಾದ ಪಟ್ಟಿಯೊಂದನ್ನು ಕ್ಲಾಂಪುಗಳಿಂದ ಬಿಗಿದು, ಬಾಣವು ಪಟ್ಟಿಯ ಕಡೆಗೆ ಇರುವಂತೆ ಹಿಡಿದು, ಬುಷ್ಷನ್ನು ಪಟ್ಟಿಗೆ ಒತ್ತಿ ಆಳವಿಲ್ಲದ ಗಾಡಿಯೊಂದನ್ನು ಕೊರೆಯಿರಿ. ಅದರ ಅಗಲವನ್ನು ಅಳೆದುಕೊಂಡು, ಬಾಣವು ಪಟ್ಟಿಗೆ ವಿಮುಖವಾಗುವಂತೆ ಯಂತ್ರವನ್ನು ತಿರುಗಿಸಿ, ಅದೇ ಗಾಡಿಯ ಮೇಲೆ ಇನ್ನೊಮ್ಮೆ ಹಾಯಿಸಿರಿ. ಕೇಂದ್ರಗಳು ಕೂಡಿದ್ದರೆ ಗಾಡಿ ಅಗಲವಾಗದು. ೧೨.೦ ಇದ್ದುದು ೧೨.೬ ಮಿ.ಮೀ. ಆದರೆ ಹೆಚ್ಚಿದುದರ ಅರ್ಧ, ಎಂದರೆ ೦.೩ ಮಿ.ಮೀ., ಕೇಂದ್ರ ತಪ್ಪಿದೆ. ಹಲಗೆಯ ಬೇರೊಂದು ಜಾಗದಲ್ಲಿ, ಬಾಣವನ್ನು ಮೊದಲು ಎಡಕ್ಕೆ, ಅನಂತರ ಬಲಕ್ಕೆ ಹಿಡಿದು ಇದೇ ಪರೀಕ್ಷೆಯನ್ನು ಮಾಡಬೇಕು. ಒಂದು ದಿಕ್ಕಿನಲ್ಲಿ ಅಡಗಿದ ದೋಷ ಇನ್ನೊಂದರಲ್ಲಿ ಬಯಲಾಗುತ್ತದೆ.

ಪರಿಹಾರವೂ ಸುಲಭವೇ. ತಳಪಟ್ಟಿಯ ತಿರುಪುಗಳನ್ನು ಸಡಿಲಿಸಿ, ಅಲಗಿನ ಬದಲು ಶಂಕುವಿನಾಕಾರದ ಕೇಂದ್ರಗೂಟವೊಂದನ್ನು ದಂಡಕ್ಕೆ ಸಿಕ್ಕಿಸಿ, ಅದು ಬುಷ್ಷಿನ ಬಾಯಿಗೆ ಎಲ್ಲ ಕಡೆಯಿಂದಲೂ ಸಮನಾಗಿ ತಾಗುವಂತೆ ಇಳಿಸಿ, ಆ ಸ್ಥಿತಿಯಲ್ಲಿಯೇ ತಿರುಪುಗಳನ್ನು ಬಿಗಿಯಬೇಕು. ತಿರುಪುಗಳ ತಲೆ ಕೆಳಗೆ ಇಳಿಜಾರಾಗಿದ್ದರೆ ಅವು ಬಿಗಿಯುವಾಗ ತಳಪಟ್ಟಿಯನ್ನು ಮತ್ತೆ ಹಳೆಯ ಜಾಗಕ್ಕೇ ಎಳೆದುಕೊಳ್ಳುತ್ತವೆ; ಚಪ್ಪಟೆ ಅಡಿಯ ತಲೆಯವು ಹೀಗೆ ಮಾಡುವುದಿಲ್ಲ. ಬಿಗಿದ ಮೇಲೆ ಗಾಡಿಯ ಪರೀಕ್ಷೆಯನ್ನು ಪುನಃ ನಡೆಸುವುದನ್ನು ಮರೆಯಬಾರದು. ಎಲ್ಲ ಸರಿಯಾದ ಮೇಲೂ ಬಾಣವನ್ನು ಒಂದೇ ದಿಕ್ಕಿಗಿಟ್ಟು ಕೆಲಸಮಾಡುವ ಅಭ್ಯಾಸ ಒಳ್ಳೆಯದು.

ಬುಷ್ಷಿನ ಬದಲು, ಅಲಗಿನ ದಂಡದಲ್ಲಿಯೇ ಬೇರಿಂಗನ್ನು ಜೋಡಿಸಿದ ಬಿಟ್ಟುಗಳೂ ಉಂಟು. ಬೇರಿಂಗಿನ ವ್ಯಾಸವೂ ಅಲಗಿನ ವ್ಯಾಸವೂ ಒಂದೇ ಆದುದರಿಂದ ಇಲ್ಲಿ ಅಂತರದ ಲೆಕ್ಕವಿಲ್ಲ. ಕೇಂದ್ರ ತಪ್ಪುವ ಭಯವೂ ಇಲ್ಲ. ಆದರೆ ಅಲಗನ್ನು ಸಾಣೆ ಹಿಡಿದಂತೆಲ್ಲ ಅದು ಸಣ್ಣದಾಗುತ್ತದೆ, ಬೇರಿಂಗು ಹಾಗೆಯೇ ಉಳಿಯುತ್ತದೆ. ಆಗ ಮರದಲ್ಲಿ ತೆಳುವಾದ ಮೆಟ್ಟಿಲೊಂದು ಉಳಿದುಬಿಡುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಅದು ಅಲಗನ್ನು ಬೇಗನೆ ಮೊಂಡಾಗಿಸುವುದೆಂಬುದನ್ನೂ, ಆದುದರಿಂದ ಕಾರ್ಬೈಡ್ ತುದಿಯ ಅಲಗುಗಳೇ ಅದಕ್ಕೆ ತಕ್ಕವೆಂಬುದನ್ನೂ ಇಲ್ಲಿ ನೆನೆಯಬೇಕು.

ಅಚ್ಚುಹಲಗೆ ಮತ್ತು ಆಳ

ಅಚ್ಚುಹಲಗೆಯು ಬುಷ್ಷಿನ ಚಾಚಿಗಿಂತ ದಪ್ಪವಾಗಿರಬೇಕು. ಬುಷ್ಷು ತಳಪಟ್ಟಿಯಿಂದ ೮ ಮಿ.ಮೀ. ಕೆಳಕ್ಕೆ ಚಾಚಿದ್ದರೆ ೯ ಅಥವಾ ೧೨ ಮಿ.ಮೀ. ಹಲಗೆ ಬೇಕು. ತೆಳುವಾದರೆ ಬುಷ್ಷಿನ ತುದಿಯು ಮರದ ಮೇಲೆ ಕೂತು ಯಂತ್ರ ಓಲಾಡುತ್ತದೆ. ಎಂ.ಡಿ.ಎಫ್. ಹಲಗೆಯ ಅಂಚು ನುಣುಪಾಗಿ ಬರುತ್ತದೆ, ಆದರೆ ತೇವಕ್ಕೆ ಊದಿಕೊಳ್ಳುತ್ತದೆ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರಿ ಹೊನ್ನಾಳಿಯತ್ತ ಹರಿಯುವ ಈ ಸೀಮೆಯಲ್ಲಿ ಮಳೆಗಾಲವನ್ನು ಕಳೆದ ಅಚ್ಚನ್ನು ಮತ್ತೆ ಅಳೆಯದೆ ಬಳಸಬಾರದು. ಬಹುಕಾಲ ಬಾಳಬೇಕಾದ ಅಚ್ಚಿಗೆ ಒಳ್ಳೆಯ ಪ್ಲೈವುಡ್ಡೇ ಲೇಸು. ಬಾಗಿಲಿನ ಮರವಾದರೋ ಚೆನ್ನಾಗಿ ಒಣಗಿರಬೇಕು. ಮಲೆನಾಡಿನ ಹಸಿಮರವು ಜಗಳೂರಿನಂತಹ ಒಣಪ್ರದೇಶವನ್ನು ಸೇರಿದಾಗ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಆಗುವ ಬದಲಾವಣೆ ಅತ್ಯಲ್ಪ. ಬಿಜಾಗರಿಯ ಉದ್ದವು ಎಳೆಯ ಜೊತೆಗೇ ಸಾಗುವುದರಿಂದ ಆ ಅಳತೆ ಮಾತ್ರ ಕಾಲಕಾಲಕ್ಕೂ ಸ್ಥಿರವಾಗಿರುತ್ತದೆ.

ಆಳವನ್ನು ಗೊತ್ತುಮಾಡಲು ಅಳತೆಪಟ್ಟಿಯೇ ಬೇಡ, ಬಿಜಾಗರಿಯೇ ಅಳತೆಗೋಲು. ಅಚ್ಚನ್ನು ಮರಕ್ಕೆ ಬಿಗಿದು, ರೂಟರನ್ನು ಅಚ್ಚಿನ ಮೇಲಿಟ್ಟು, ಅಲಗಿನ ತುದಿ ಮರವನ್ನು ಮುಟ್ಟುವವರೆಗೆ ಇಳಿಸಿ ಅಲ್ಲಿ ನಿಲ್ಲಿಸಬೇಕು. ಅನಂತರ ಆಳವನ್ನು ತಡೆಯುವ ಕಡ್ಡಿಗೂ ಅದರ ಕೆಳಗಿನ ಮೆಟ್ಟಿಗೂ ನಡುವೆ ಬಿಜಾಗರಿಯ ರೆಕ್ಕೆಯನ್ನೇ ಸಿಕ್ಕಿಸಿ ಕಡ್ಡಿಯನ್ನು ಬಿಗಿಯಬೇಕು. ರೆಕ್ಕೆಯನ್ನು ತೆಗೆದಾಗ ಉಳಿಯುವ ಸಂದು ರೆಕ್ಕೆಯ ದಪ್ಪಕ್ಕೆ ಸರಿಸಮ. ಅಲಗು ಅಷ್ಟೇ ಇಳಿಯುತ್ತದೆ. ಅಚ್ಚುಹಲಗೆಯ ದಪ್ಪವನ್ನು ಲೆಕ್ಕಕ್ಕೆ ತರುವ ಗೊಂದಲವೂ ತಪ್ಪುತ್ತದೆ.

ಮೂರು ಬಿಜಾಗರಿಗಳಿಗೂ ಬೇರೆ ಬೇರೆಯಾಗಿ ಅಚ್ಚನ್ನು ಕೂರಿಸುವುದಕ್ಕಿಂತ ಬಾಗಿಲಿನ ಉದ್ದದ ಪಟ್ಟಿಯಲ್ಲಿ ಮೂರು ಕಿಂಡಿಗಳನ್ನು ತೆಗೆದು, ಅದನ್ನು ಯಾವಾಗಲೂ ಮೇಲ್ತುದಿಗೆ ಹೊಂದಿಸುವುದು ಒಳ್ಳೆಯದು. ಬಾಗಿಲಿಗೂ ಚೌಕಟ್ಟಿಗೂ ಒಂದೇ ಪಟ್ಟಿ. ಚೌಕಟ್ಟಿನ ಕಡೆ ಮಾತ್ರ ಮೇಲಿನ ಸಂದಿಗೆ ಬೇಕಾದಷ್ಟು ದಪ್ಪದ ತೆಳುತುಂಡೊಂದನ್ನು ಪಟ್ಟಿಯ ತಲೆಗೆ ಇಟ್ಟುಕೊಂಡರೆ ಎಲ್ಲ ಬಾಗಿಲುಗಳಲ್ಲಿಯೂ ಒಂದೇ ಸಂದು ಬರುತ್ತದೆ.

ನಡೆಸುವ ದಿಕ್ಕು ಮತ್ತು ಎಚ್ಚರ

ಮೇಲಿನಿಂದ ನೋಡಿದರೆ ರೂಟರಿನ ಅಲಗು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಮುಂದಕ್ಕೆ ತಳ್ಳುವಾಗ ಅಲಗಿನ ಮುಂಭಾಗವು ಬಲಕ್ಕೆ ಕೊರೆಯುತ್ತದೆ. ಅದರ ಪ್ರತಿಕ್ರಿಯೆಯಿಂದ ಯಂತ್ರವು ಎಡಕ್ಕೆ ವಾಲುತ್ತದೆ. ಆದುದರಿಂದ ಅಚ್ಚಿನ ಅಂಚು ಯಾವಾಗಲೂ ನಮ್ಮ ಎಡಕ್ಕಿರಬೇಕು. ಆಗ ಯಂತ್ರವು ತಾನೇ ಅಂಚಿಗೆ ಒತ್ತಿಕೊಂಡು ನಡೆಯುತ್ತದೆ. ಕಿಂಡಿಯ ಒಳಗೆ ಕೊರೆಯುವಾಗ ಗಡಿಯಾರದ ದಿಕ್ಕಿನಲ್ಲಿಯೂ, ಅಚ್ಚಿನ ಹೊರಸುತ್ತಿನಲ್ಲಿ ಕೊರೆಯುವಾಗ ಅದಕ್ಕೆ ಎದುರುದಿಕ್ಕಿನಲ್ಲಿಯೂ ನಡೆಸಬೇಕೆಂಬ ನಿಯಮದ ಅರ್ಥ ಇದೇ. ದಿಕ್ಕು ತಪ್ಪಿದರೆ ಯಂತ್ರ ಅಂಚನ್ನು ಬಿಟ್ಟು ಹಾರಲೆಳಸುತ್ತದೆ.

ಅದರ ಬಲವೆಷ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ನಿಮಿಷಕ್ಕೆ ೨೪,೦೦೦ ಸುತ್ತು ತಿರುಗುವ ೧೨ ಮಿ.ಮೀ. ಅಲಗಿನ ಅಂಚು ಗಂಟೆಗೆ ಸುಮಾರು ೫೪ ಕಿ.ಮೀ. ವೇಗದಲ್ಲಿ ಚಲಿಸುತ್ತದೆ. ಅದೇ ಸುತ್ತಿನಲ್ಲಿ ೫೦ ಮಿ.ಮೀ. ಅಲಗಿನ ಅಂಚು ಸುಮಾರು ೨೨೬ ಕಿ.ಮೀ. ವೇಗವನ್ನು ಮುಟ್ಟುತ್ತದೆ. ಅಗಲವಾದ ಅಲಗುಗಳಿಗೆ ವೇಗವನ್ನು ತಗ್ಗಿಸಬೇಕಾದುದು ಇದರಿಂದಲೇ.

ಅಲಗಿನ ಹಿಡಿಯನ್ನು ಕಚ್ಚಿಹಿಡಿಯುವ ಕಾಲೆಟ್ಟಿನ ವಿಷಯದಲ್ಲಿ ರಾಜಿ ಸಲ್ಲದು. ಕಾಲು ಅಂಗುಲವೆಂದರೆ ೬.೩೫ ಮಿ.ಮೀ.; ಅದರಲ್ಲಿ ೬ ಮಿ.ಮೀ. ಹಿಡಿಯನ್ನು ಸಿಕ್ಕಿಸಿ ಬಲವಾಗಿ ಬಿಗಿದರೆ ನಿಂತಂತೆ ತೋರುತ್ತದೆ. ಕೆಲಸದ ನಡುವೆ ಜಾರಿ ಆಳ ಕೆಡುವುದು, ಇಲ್ಲವೆ ಅಲಗೇ ಕಳಚಿ ಸಿಡಿಯುವುದು. ಕಾಲೆಟ್ಟನ್ನು ಹೊಟ್ಟಿಲ್ಲದಂತೆ ಒರೆಸಿ, ಹಿಡಿಯನ್ನು ತಳದವರೆಗೆ ಇಳಿಸಿ, ಎರಡು ಮೂರು ಮಿ.ಮೀ. ಮೇಲೆತ್ತಿ ಬಿಗಿಯಬೇಕು. ಅಲಗನ್ನು ಬದಲಿಸುವ ಮೊದಲು ಪ್ಲಗ್ಗನ್ನು ಕಿತ್ತಿರಬೇಕು. ಕೆಲಸದ ನಡುವೆ ವಿದ್ಯುತ್ತು ಹೋದರೆ ಸ್ವಿಚ್ಚನ್ನು ತಪ್ಪದೆ ಆರಿಸಬೇಕು. ಇಲ್ಲದಿದ್ದರೆ ಅದು ಮರಳಿದ ಕ್ಷಣದಲ್ಲಿ ಯಾರೂ ಹಿಡಿಯದ ಯಂತ್ರ ತಾನಾಗಿ ತಿರುಗಲಾರಂಭಿಸುತ್ತದೆ. ಕಣ್ಣಿಗೆ ಕನ್ನಡಕ, ಮೂಗುಬಾಯಿಗೆ ಧೂಳುತಡೆಯುವ ಮುಖಗವಸು ಇರಲೇಬೇಕು. ಮರದ ಹೊಟ್ಟನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ.

ಒಂದೇ ಅಚ್ಚು, ಎರಡು ರೂಪ

ಬಿಜಾಗರಿಯ ತಗ್ಗು ಅಚ್ಚುಗೆಲಸದ ಮೊದಲ ಮೆಟ್ಟಿಲು. ಅದರ ಸೂಕ್ಷ್ಮವಾದ ರೂಪವನ್ನು ಕಾಣಬೇಕಾದರೆ ಮೈಸೂರಿನ ಬೀಟೆಮರದ ಇನ್ಲೇ ಕೆಲಸವನ್ನು ನೋಡಬೇಕು. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತವನ್ನು ಕೂರಿಸಿದ ಬೀಟೆಯ ಬಾಗಿಲಿದೆ. ದಂತದ ವ್ಯಾಪಾರ ನಿಷಿದ್ಧವಾದ ಮೇಲೆ ಬಣ್ಣಬಣ್ಣದ ಮರದ ತುಂಡುಗಳನ್ನು ಕೂರಿಸುವುದು ಹೆಚ್ಚಾಗಿದೆ. ಕುಶಲಿಗಳು ತುಂಡುಗಳನ್ನು ಕುಸುರಿ ಗರಗಸದಿಂದ ಕತ್ತರಿಸಿ, ಉಳಿಯಿಂದ ತಗ್ಗು ತೆಗೆದು, ಎರಡನ್ನೂ ಕೈಯಿಂದಲೇ ಹೊಂದಿಸುತ್ತಾರೆ. ಸರಳವಾದ ಆಕಾರಗಳಲ್ಲಿ ಇದನ್ನೇ ರೂಟರಿನಿಂದ ಒಂದೇ ಅಚ್ಚಿನ ನೆರವಿನಿಂದ ಮಾಡಬಹುದು.

ತಗ್ಗನ್ನು ಕೊರೆಯುವಾಗ ದೊಡ್ಡ ಬುಷ್ಷನ್ನೂ ತುಂಡನ್ನು ಕತ್ತರಿಸುವಾಗ ಚಿಕ್ಕ ಬುಷ್ಷನ್ನೂ ಬಳಸಬೇಕು. ಎರಡೂ ಬುಷ್ಷುಗಳ ವ್ಯಾಸದ ವ್ಯತ್ಯಾಸವು ಅಲಗಿನ ವ್ಯಾಸದ ಎರಡರಷ್ಟಿರಬೇಕೆಂಬುದೇ ಗುಟ್ಟು. ಅಲಗು ೩ ಮಿ.ಮೀ., ಬುಷ್ಷುಗಳು ೧೪ ಮತ್ತು ೮ ಮಿ.ಮೀ. ಎಂದು ತೆಗೆದುಕೊಳ್ಳೋಣ. ೧೦೦ ಮಿ.ಮೀ. ಕಿಂಡಿಯಲ್ಲಿ ದೊಡ್ಡ ಬುಷ್ಷಿನಿಂದ ಕೊರೆದ ತಗ್ಗು ೧೦೦ರಿಂದ ೧೪ನ್ನು ಕಳೆದು ೩ನ್ನು ಕೂಡಿಸಿದಾಗ ೮೯ ಮಿ.ಮೀ. ಚಿಕ್ಕ ಬುಷ್ಷಿನಿಂದ ಕತ್ತರಿಸಿದಾಗ ಅಲಗಿನ ಒಳಮಗ್ಗುಲಲ್ಲಿ ಉಳಿಯುವ ತುಂಡು ೧೦೦ರಿಂದ ೮ನ್ನೂ ೩ನ್ನೂ ಕಳೆದು ೮೯ ಮಿ.ಮೀ. ಎರಡೂ ಸಮ. ಕಿಂಡಿಯ ಒಳಮೂಲೆಗಳನ್ನು ಮಾತ್ರ ದೊಡ್ಡ ಬುಷ್ಷಿನ ತ್ರಿಜ್ಯಕ್ಕೆ, ಎಂದರೆ ೭ ಮಿ.ಮೀ.ಗೆ ಕಡಮೆಯಿಲ್ಲದಂತೆ ದುಂಡಾಗಿಸಿರಬೇಕು. ಕೇಂದ್ರ ತಪ್ಪಿದ ಯಂತ್ರದಲ್ಲಿ ಈ ಕೆಲಸ ನಡೆಯದು; ಇಲ್ಲಿ ೦.೩ ಮಿ.ಮೀ. ದೋಷವೂ ಬೀಟೆಯ ಕಪ್ಪಿನ ನಡುವೆ ಅಂಟಿನ ಗೆರೆಯಾಗಿ ಕಣ್ಣಿಗೆ ಹೊಡೆಯುತ್ತದೆ.

ಉಳಿಗೆ ಉಳಿದ ಕೆಲಸ

ದುಂಡಗೆ ತಿರುಗುವ ಅಲಗು ಚೌಕವಾದ ಮೂಲೆಯನ್ನು ಕೊರೆಯಲಾರದು. ೧೨ ಮಿ.ಮೀ. ಅಲಗು ಬಿಜಾಗರಿಯ ತಗ್ಗಿನ ಎರಡು ಒಳಮೂಲೆಗಳಲ್ಲಿ ೬ ಮಿ.ಮೀ. ತ್ರಿಜ್ಯದ ದುಂಡನ್ನು ಬಿಟ್ಟುಹೋಗುತ್ತದೆ. ನಲವತ್ತೆಂಟು ತಗ್ಗುಗಳಲ್ಲಿ ತೊಂಬತ್ತಾರು ಮೂಲೆಗಳನ್ನು ಬಡಗಿಯು ಹರಿತವಾದ ಉಳಿಯಿಂದಲೇ ಬಿಡಿಸಬೇಕು. ಸುತ್ತಲಿನ ಗೋಡೆಗಳು ನೇರವಾಗಿಯೂ ತಳ ಸಮವಾಗಿಯೂ ಇರುವುದರಿಂದ ಉಳಿಗೆ ಅವೇ ದಾರಿ ತೋರಿಸುತ್ತವೆ. ಕೊಡತಿಯ ಒಂದೆರಡು ಪೆಟ್ಟುಗಳಲ್ಲಿ ಮೂಲೆ ತೆರೆದುಕೊಳ್ಳುತ್ತದೆ.

ಯಂತ್ರವನ್ನು ಹದಗೊಳಿಸಲು ಅರ್ಧ ದಿನ ಹಿಡಿಯಬಹುದು: ಗಾಡಿಯನ್ನು ಅಳೆಯುವುದು, ಕೇಂದ್ರವನ್ನು ಪರೀಕ್ಷಿಸುವುದು, ಅಚ್ಚನ್ನು ತಿದ್ದುವುದು, ಕೊನೆಯಲ್ಲಿ ರದ್ದಿ ತುಂಡೊಂದರಲ್ಲಿ ಪೂರ್ಣವಾದ ತಗ್ಗನ್ನು ಕೊರೆದು ಬಿಜಾಗರಿಯನ್ನು ಕೂರಿಸಿ ನೋಡುವುದು. ಅದು ಬೆರಳಿನ ಒತ್ತಿಗೆ ಒಳಸೇರಿ, ಮರದ ಮೈಗೆ ಸಮನಾಗಿ ನಿಂತು, ಅಲುಗದೆ ಇದ್ದರೆ ಮಾತ್ರ ತೇಗವನ್ನು ಮುಟ್ಟಬೇಕು. ಆ ಅರ್ಧ ದಿನವನ್ನು ಉಳಿಸಿಕೊಳ್ಳಹೊರಟವರು ಕೆಟ್ಟ ತಗ್ಗುಗಳಿಗೆ ಚಕ್ಕೆ ತುಂಬುವುದರಲ್ಲಿ ಹಲವು ದಿನಗಳನ್ನು ಕಳೆಯಬೇಕಾಗುತ್ತದೆ. ಜಾತ್ರೆಯ ದಿನವಾದರೋ ಅವರಿಗಾಗಿ ಕಾಯುವುದಿಲ್ಲ.